ಪುನರುತ್ಪತ್ತಿ: ಆ ‘ಪುನಃ’ ಸುಮ್ನೆ ಬಂದಿಲ್ಲ

ಬಾಡಿ ಜೋತುಬಿದ್ದ ಗಿಡದ ಫೋಟೋ. ಪಕ್ಕದಲ್ಲಿ ಅದೇ ಗಿಡ, ನೀರು ಹಾಕಿ ಎರಡು ಗಂಟೆಯ ಮೇಲೆ, ನೆಟ್ಟಗೆ ನಿಂತಿದ್ದು. ಕೆಳಗೆ ಒಂದು ಸಾಲು: ‘ಸಸ್ಯಗಳ ಅದ್ಭುತ ಪುನರುತ್ಪತ್ತಿ ಶಕ್ತಿ’. ಈ ಜಾತಿಯ ಸಾಲು ಇತ್ತೀಚೆಗೆ ನಾನು ಓದಿದ್ದು ಐದನೆಯದೋ ಆರನೆಯದೋ. ಮೊದಲ ನಾಲ್ಕಕ್ಕೆ ಸುಮ್ಮನಿದ್ದೆ.

ಆ ಗಿಡದಲ್ಲಿ ಏನೂ ಉತ್ಪತ್ತಿಯಾಗಿಲ್ಲ. ಜೀವಕೋಶಗಳ ಒಳಗಿನ ನೀರು ಕಡಿಮೆಯಾಗಿ, ಗಾಳಿ ಇಳಿದ ಸೈಕಲ್ ಟ್ಯೂಬಿನ ಹಾಗೆ ಮೆತ್ತಗಾಗಿದ್ದವು. ನೀರು ಬಂತು, ಬಿಗಿಯಾದವು. ಅದಕ್ಕೆ ಒಂದೇ ಒಂದು ಹೊಸ ಕೋಶವೂ ಹುಟ್ಟಬೇಕಾಗಿರಲಿಲ್ಲ. ಇದಕ್ಕೆ ನಮ್ಮಲ್ಲಿ ಒಳ್ಳೇ ಮಾತೇ ಇದೆ: ಗಿಡ ಚೇತರಿಸಿಕೊಂಡಿತು. ಜ್ವರ ಬಿಟ್ಟವರು ಚೇತರಿಸಿಕೊಳ್ಳುತ್ತಾರಲ್ಲ, ಹಾಗೆ. ಅವರಿಗೆ ಹೊಸ ಕೈ ಬಂತು ಅಂತ ಯಾರೂ ಬರೆಯುವುದಿಲ್ಲ.

ಪದವನ್ನು ಒಮ್ಮೆ ಬಿಡಿಸಿ ನೋಡಿದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಪುನಃ ಮತ್ತು ಉತ್ಪತ್ತಿ. ವಿಸರ್ಗ ರಕಾರವಾಗಿ ‘ಪುನರ್’ ಆಯಿತು. ಉತ್ಪತ್ತಿಯೊಳಗೆ ‘ಉತ್’ ಇದೆ, ಅಂದರೆ ಮೇಲಕ್ಕೆ. ಜೊತೆಗೆ ‘ಪದ್’ ಧಾತು, ಅಂದರೆ ಹೋಗು, ನಡೆ. ಎದ್ದು ಬರುವುದು, ಹುಟ್ಟುವುದು ಅಂತ ಒಟ್ಟು ಅರ್ಥ. ಇದೇ ಧಾತುವಿಗೆ ಪ್ರೇರಣಾರ್ಥ ಸೇರಿದರೆ ಉತ್ಪಾದನೆ, ಅಂದರೆ ಹುಟ್ಟಿಸುವುದು. ಉತ್ಪತ್ತಿ ತಾನಾಗಿ ಆಗುತ್ತದೆ, ಉತ್ಪಾದನೆಯನ್ನು ಯಾರೋ ಮಾಡುತ್ತಾರೆ. ಕಾರ್ಖಾನೆಗೆ ಉತ್ಪಾದನೆ ಒಪ್ಪುವುದು ಅದಕ್ಕೇ. ಗಿಡ ತನ್ನಷ್ಟಕ್ಕೆ ಬೇರಿನ ತುದಿ ಬೆಳೆಸಿಕೊಂಡರೆ ನಾನು ಪುನರುತ್ಪತ್ತಿ ಅನ್ನುತ್ತೇನೆ. ಪ್ರಯೋಗಾಲಯದಲ್ಲಿ ಹಾರ್ಮೋನು ಹಾಕಿ ಎಲೆಯ ಚೂರಿನಿಂದ ಗಿಡ ಎಬ್ಬಿಸಿದರೆ ಪುನರುತ್ಪಾದನೆ ಅನ್ನಿ, ತಕರಾರಿಲ್ಲ. ಎರಡನ್ನೂ ಒಂದರ ಬದಲು ಒಂದು ಬಳಸುವವರ ಮೇಲೂ ನನಗೆ ಅಷ್ಟೇನೂ ಸಿಟ್ಟಿಲ್ಲ. ಸಿಟ್ಟು ಬರುವುದು ‘ಮರು ಪುನರುತ್ಪತ್ತಿ’ ಓದಿದಾಗ. ಒಂದು ಸಾರಿ ‘ಮತ್ತೆ’ ಅಂದಾಯಿತಲ್ಲ! ಇನ್ನು ಕೆಲವರು ಬೀಜ, ಹೂವು, ಪರಾಗದ ವಿಚಾರಕ್ಕೂ ಪುನರುತ್ಪಾದನೆ ಅಂತಲೇ ಬರೆಯುತ್ತಾರೆ. ಅದು ಸಂತಾನೋತ್ಪತ್ತಿ. ಮಗು ಹುಟ್ಟಿದರೆ ತಾಯಿ ಮತ್ತೊಮ್ಮೆ ಹುಟ್ಟಿದ ಹಾಗಲ್ಲ.

ಈಗ ಆ ‘ಪುನಃ’ ಏನು ಕೇಳುತ್ತದೆ ನೋಡಿ. ಇದ್ದದ್ದೊಂದು ಹೋಗಿರಬೇಕು. ಹೋದ ಜಾಗದಲ್ಲಿ ಅಂಥದ್ದೇ ಬರಬೇಕು. ಬಂದದ್ದು ಹೊಸದಾಗಿ ಹುಟ್ಟಿದ್ದಾಗಿರಬೇಕು, ಮೊದಲೇ ಒಳಗೆ ಇಟ್ಟುಕೊಂಡಿದ್ದಲ್ಲ. ಬಾಡಿದ ಗಿಡ ಮೊದಲನೆಯ ಷರತ್ತಿನಲ್ಲೇ ಸೋತಿತು. ಅಲ್ಲಿ ಏನೂ ಹೋಗಿರಲಿಲ್ಲ.

ಮರದ ಗಾಯ ಇದಕ್ಕಿಂತ ಜಾಸ್ತಿ ತಲೆ ತಿನ್ನುವ ವಿಷಯ. ‘ಮರದ ಗಾಯ ಮಾಯುತ್ತದೆ’ ಅಂತ ಎಲ್ಲರೂ ಹೇಳುತ್ತೇವೆ, ನಾನೂ ಹೇಳುತ್ತಿದ್ದೆ. ಮೊಣಕಾಲು ತರಚಿದರೆ ಹಕ್ಕಳೆ ಕಟ್ಟುತ್ತದೆ, ಸುತ್ತಲಿನ ಚರ್ಮದ ಕೋಶಗಳು ಒಳಕ್ಕೆ ಸರಿದು ಬರುತ್ತವೆ, ಹಕ್ಕಳೆ ಉದುರಿದಾಗ ಅದೇ ಜಾಗದಲ್ಲಿ ಚರ್ಮ ಇರುತ್ತದೆ. ಸಸ್ಯದ ಕೋಶ ಹಾಗೆ ಸರಿಯುವಂತಿಲ್ಲ. ಗಟ್ಟಿ ಗೋಡೆಯಿಂದ ಪಕ್ಕದ ಕೋಶಕ್ಕೆ ಅಂಟಿಕೊಂಡಿರುತ್ತದೆ, ಹುಟ್ಟಿದಲ್ಲೇ ಬದುಕಿ ಅಲ್ಲೇ ಸಾಯಬೇಕು. ಅದೂ ಅಲ್ಲದೆ ಮರದ ಕಟ್ಟಿಗೆಯಲ್ಲಿ ಬಹುಪಾಲು ಕೋಶಗಳು ಮೊದಲೇ ಸತ್ತಿರುತ್ತವೆ. ಸತ್ತ ಕಟ್ಟಿಗೆಗೆ ಆದ ಗಾಯವನ್ನು ತುಂಬಲು ಅಲ್ಲಿ ಯಾರಿದ್ದಾರೆ?

ಹಾಗಾದರೆ ಮರ ಏನು ಮಾಡುತ್ತದೆ? ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಗರಗಸ ಹಿಡಿದು ಮರಗಳನ್ನು ಉದ್ದುದ್ದ ಸೀಳಿ ನೋಡಿದರು. ಹಳೆಯ ಗಾಯ ಒಳಗೆ ಏನಾಗಿದೆ ಅನ್ನುವುದು ಅವರ ಪ್ರಶ್ನೆ. 1977ರಲ್ಲಿ ಅವರು ಮುಂದಿಟ್ಟ ವಿವರಣೆ ಇಷ್ಟು: ಮರ ಗಾಯದ ಸುತ್ತ ಗೋಡೆ ಕಟ್ಟಿ ಕೊಳೆಯನ್ನು, ಅಂದರೆ ಕಟ್ಟಿಗೆ ಕೊಳೆಯುವುದನ್ನು, ಕೂಡಿಹಾಕುತ್ತದೆ. ಗೋಡೆ ನಾಲ್ಕು ಬಗೆ. ಮೇಲೆ ಕೆಳಗೆ ಹರಡದಂತೆ ತಡೆಯುವುದು ಎಲ್ಲಕ್ಕಿಂತ ದುರ್ಬಲ. ಅದಕ್ಕೇ ಕೊಳೆ ಕಾಂಡದಲ್ಲಿ ಉದ್ದಕ್ಕೆ ಓಡುತ್ತದೆ. ಒಳಮುಖವಾಗಿ ತಡೆಯುವುದು ಒಂದು, ಪಕ್ಕಕ್ಕೆ ತಡೆಯುವುದು ಇನ್ನೊಂದು. ನಾಲ್ಕನೆಯದನ್ನು ಗಾಯವಾದ ಮೇಲೆ ತೊಗಟೆಯ ಕೆಳಗಿನ ಬೆಳೆಯುವ ಪದರ ಹೊಸದಾಗಿ ಕಟ್ಟುತ್ತದೆ. ಅದು ಎಲ್ಲಕ್ಕಿಂತ ಗಟ್ಟಿ. ಗಾಯದ ದಿನ ಇದ್ದ ಹಳೆಯ ಕಟ್ಟಿಗೆ ಒಂದು ಕಡೆ, ಆಮೇಲೆ ಬರುವ ಹೊಸ ಕಟ್ಟಿಗೆ ಇನ್ನೊಂದು ಕಡೆ. ಒಳಗಿನದು ಪೂರ್ತಿ ಕೊಳೆತು ಪೊಟರೆಯಾದರೂ ಹೊರಗಿನ ಸುತ್ತು ಚೆನ್ನಾಗಿಯೇ ಇರುವುದು ಇದರಿಂದ.

ಹೊರಗಿನಿಂದ ಕಾಣುವುದು ಮಾತ್ರ ಬೇರೆ ಚಿತ್ರ. ಕಡಿದ ಕೊಂಬೆಯ ಬುಡವನ್ನು ವರ್ಷ ಬಿಟ್ಟು ವರ್ಷ ನೋಡಿ. ಅಂಚಿನಲ್ಲಿ ತುಟಿಯಂತೆ ಒಂದು ಉಬ್ಬು ಏಳುತ್ತದೆ. ಬದಿಗಳಲ್ಲಿ ದಪ್ಪ, ಮೇಲೆ ಕೆಳಗೆ ತೆಳು. ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಒಳಗೆ ಹೊರಳಿ ಒಂದು ದಿನ ಎರಡು ತುಟಿಗಳು ಕೂಡಿಕೊಳ್ಳುತ್ತವೆ, ನಡುವೆ ಒಂದು ಗೆರೆ ಉಳಿಯುತ್ತದೆ. ‘ಮಾಯಿತು’ ಅನ್ನುತ್ತೇವೆ. ಸೀಳಿ ನೋಡಿದರೆ ಕೊಡಲಿ ಏಟಿನ ಗುರುತು ಸಮೇತ ಹಳೆಯ ಗಾಯ ಒಳಗೆ ಇದ್ದಲ್ಲೇ ಇದೆ. ಮುಚ್ಚಿಹೋಗಿದೆ, ಮಾಯ್ದಿಲ್ಲ. ಕಾಂಡಕ್ಕೆ ಹೊಡೆದ ಮೊಳೆಯೂ ಹೀಗೇ ಒಳಗೆ ಸೇರಿಹೋಗುತ್ತದೆ, ಮತ್ತು ಹೊಡೆದ ಎತ್ತರದಲ್ಲೇ ಇರುತ್ತದೆ. (ಮರ ಎತ್ತರವಾಗುವುದು ತುದಿಯಲ್ಲಿ. ತೊಗಟೆಯ ಮೇಲೆ ಕೊರೆದ ಹೆಸರು ಇಪ್ಪತ್ತು ವರ್ಷಕ್ಕೆ ಆಕಾಶಕ್ಕೇರಿತು ಅಂತ ಕತೆ ಬರೆಯುವವರಿಗೆ ಇದು ಗೊತ್ತಿದ್ದರೆ ಒಳ್ಳೆಯದು.)

ಶೈಗೊ ಪದದ ವಿಷಯದಲ್ಲಿ ನನಗಿಂತ ಹಠಮಾರಿ. ಪ್ರಾಣಿಗಳಲ್ಲಿ ಹೋದ ಅಂಗಾಂಶ ಅದೇ ಜಾಗದಲ್ಲಿ ಮತ್ತೆ ಬರುತ್ತದೆ, ಮರದಲ್ಲಿ ಹೊಸದು ಹೊಸ ಜಾಗದಲ್ಲಿ ಬರುತ್ತದೆ, ಆದ್ದರಿಂದ ಮರದ್ದು ಬರೀ ಉತ್ಪತ್ತಿ, ಪುನರುತ್ಪತ್ತಿ ಅಲ್ಲ ಅಂತ ಅವರ ವಾದ. ಕಟ್ಟಿಗೆಯ ಮಟ್ಟಿಗೆ ಒಪ್ಪಲೇಬೇಕು. ಇದು ಬರೀ ಪದದ ಜಗಳವೂ ಅಲ್ಲ. ಗಾಯ ಮಾಯುತ್ತದೆ ಅಂತ ನಂಬಿದವರು ಮುಲಾಮಿನ ಹಾಗೆ ಬಣ್ಣ, ಟಾರು ಬಳಿದರು. ಅದು ಕೊಳೆಯನ್ನು ತಡೆಯುವುದಿಲ್ಲ ಅಂತ ಶೈಗೊ ತೋರಿಸಿದರು. ಕೊಂಬೆಯನ್ನು ಕಾಂಡಕ್ಕೆ ಸಮನಾಗಿ ನುಣ್ಣಗೆ ಕತ್ತರಿಸಿದರೆ ಬೇಗ ವಾಸಿ ಅನ್ನುವುದೂ ಅದೇ ನಂಬಿಕೆಯ ಕೂಸು. ಹಾಗೆ ಕತ್ತರಿಸಿದಾಗ ಕೊಂಬೆಯ ಬುಡದಲ್ಲಿರುವ ಉಬ್ಬು ಹೋಗುತ್ತದೆ, ಗೋಡೆ ಕಟ್ಟುವ ಒಳ್ಳೆಯ ಜಾಗವೇ ಅದು. ಉಬ್ಬನ್ನು ಬಿಟ್ಟು ಅದರ ಆಚೆ ಕತ್ತರಿಸಬೇಕು.

ಎಲೆಯಂತೂ ಇಷ್ಟೂ ಮಾಡುವುದಿಲ್ಲ. ಹುಳು ಕೊರೆದ ತೂತು ಎಲೆ ಉದುರುವ ತನಕ ತೂತೇ. ಎಳೆ ಎಲೆಗೆ ತೂತು ಬಿದ್ದಿದ್ದರೆ ಎಲೆಯ ಜೊತೆ ಅದೂ ದೊಡ್ಡದಾಗುತ್ತದೆ. ಅಂಚನ್ನು ಒಣಗಿಸಿ ಮುಚ್ಚಿಕೊಂಡು ಎಲೆ ತನ್ನ ಕೆಲಸ ನೋಡಿಕೊಳ್ಳುತ್ತದೆ. ಆದರೆ ಸುದ್ದಿ ಮಾತ್ರ ಹೋಗುತ್ತದೆ: ಕಚ್ಚಿದ ಎಲೆಯಿಂದ ಕ್ಯಾಲ್ಸಿಯಂನ ಒಂದು ಅಲೆ ಎದ್ದು ಕೆಲವೇ ನಿಮಿಷದಲ್ಲಿ ದೂರದ ಎಲೆಗಳನ್ನು ಮುಟ್ಟುವುದನ್ನು 2018ರಲ್ಲಿ ಹೊಳೆಯುವ ಪ್ರೋಟೀನ್ ಬಳಸಿ ಕಣ್ಣಾರೆ ತೋರಿಸಿದ್ದಾರೆ.

ಇನ್ನು ನಿಜವಾದ ಪುನರುತ್ಪತ್ತಿ. ಬೇರಿನ ತುದಿಗೆ ಬನ್ನಿ. ಸಾಸಿವೆಯ ಬಳಗದ ಅರಬಿಡಾಪ್ಸಿಸ್ ಎಂಬ ಪುಟ್ಟ ಕಳೆಗಿಡದ ಬೇರಿನ ತುದಿಯನ್ನು, ತೀರಾ ಸಣ್ಣ ಚೂರು, ಕತ್ತರಿಸಿ ತೆಗೆಯುತ್ತಾರೆ. ಬೇರಿಗೆ ಕೆಳಗೆ ಯಾವುದು ಅಂತ ತಿಳಿಯುವುದು ಆ ತುದಿಯಿಂದ. ಅದು ಹೋದರೆ ದಿಕ್ಕೂ ಹೋಯಿತು. ಕೆಲವೇ ದಿನಗಳಲ್ಲಿ ಉಳಿದ ಕೋಶಗಳು ಒಂದು ಎರಡಾಗಿ ಹೆಚ್ಚಿ, ತಮ್ಮ ಹಳೆಯ ಕಸುಬು ಬಿಟ್ಟು, ಅದೇ ಜಾಗದಲ್ಲಿ ಅದೇ ಜೋಡಣೆಯ ತುದಿ ಕಟ್ಟುತ್ತವೆ. ಬೇರು ಮತ್ತೆ ಕೆಳಕ್ಕೆ ತಿರುಗುತ್ತದೆ. ಹೋಯಿತು, ಅಲ್ಲೇ ಬಂತು, ಹೊಸದಾಗಿ ಹುಟ್ಟಿತು. ಮೂರೂ ಸರಿಹೋಯಿತು, ಅಲ್ವಾ? ಆದರೆ ಸ್ವಲ್ಪ ಮೇಲೆ ಕತ್ತರಿಸಿದರೆ ಈ ಆಟ ನಡೆಯುವುದಿಲ್ಲ. ಅಲ್ಲಿನ ಕೋಶಗಳಿಗೆ ಆ ಎಳೆತನ ಇರುವುದಿಲ್ಲ. ‘ಸಸ್ಯದ ಯಾವ ಭಾಗ ಕತ್ತರಿಸಿದರೂ ಮತ್ತೆ ಬರುತ್ತದೆ’ ಅನ್ನುವವರು ಇದನ್ನು ಗಮನಿಸಬೇಕು.

ಈ ಪ್ರಯೋಗವನ್ನು ಕನ್ನಡದಲ್ಲಿ ವಿವರಿಸುವಾಗ ‘ಕಾಂಡಕೋಶ’ (ಇಂಗ್ಲಿಷಿನ ‘ಸ್ಟೆಮ್ ಸೆಲ್’, ಅಂದರೆ ಬೇರೆ ಬೇರೆ ಬಗೆಯ ಕೋಶಗಳನ್ನು ಹುಟ್ಟಿಸುವ ಮೂಲ ಕೋಶ) ಅನ್ನುವ ಪದ ಕಾಟ ಕೊಡುತ್ತದೆ. ಪ್ರಾಣಿಗಳ ವಿಷಯದಲ್ಲಿ ಹೇಗೋ ನಡೆಯುತ್ತದೆ. ‘ಬೇರಿನ ತುದಿಯ ಕಾಂಡಕೋಶಗಳು’ ಅಂದರೆ ಓದುವವರು ಏನು ತಿಳಿಯಬೇಕು? ಬೇರಿನೊಳಗೆ ಕಾಂಡ ಎಲ್ಲಿಂದ ಬಂತು? ಆಕರಕೋಶ ಅನ್ನುವ ಪದ ಇದೆ, ದಯವಿಟ್ಟು ಬಳಸಿ. ಅಂದಹಾಗೆ, ಮೇಲೆ ಹೇಳಿದ ಕೆಲಸಕ್ಕೆ ಆ ಆಕರಕೋಶಗಳೇ ಬೇಕಿಲ್ಲ, ಬೇರೆ ಕೋಶಗಳೂ ಸಾಕು ಅಂತ 2009ರಲ್ಲಿ ಗೊತ್ತಾಯಿತು.

ಕ್ಯಾಲಸ್ ಇನ್ನೊಂದು ತಮಾಷೆ. ಕತ್ತರಿಸಿದ ಕಡೆ ಎದ್ದು ಬರುವ ಬಿಳಿಚಿದ ಕೋಶಗಳ ಮುದ್ದೆಗೆ ಈ ಹೆಸರು. ಲ್ಯಾಟಿನ್‌ನಲ್ಲಿ ಇದರ ಅರ್ಥ ಗಟ್ಟಿ ಚರ್ಮ, ನಮ್ಮ ಜಡ್ಡು. ಆದರೆ ಗಿಡದ ಕ್ಯಾಲಸ್ ಮುಟ್ಟಿದರೆ ಮೆತ್ತಗೆ, ನೀರು ನೀರು. ಮರದ ಮೇಲೆ ವರ್ಷಗಟ್ಟಲೆ ಬೆಳೆಯುವ ಆ ಗಟ್ಟಿ ತುಟಿಯನ್ನೂ ಕ್ಯಾಲಸ್ ಅಂದುಬಿಡುತ್ತಾರೆ. ಅದು ಕಟ್ಟಿಗೆಯಾಗಿ ಗಟ್ಟಿಯಾದ ಮೇಲೆ ಬೇರೆಯೇ ವಸ್ತು. ಕ್ಯಾಲಸ್ ಅಂದರೆ ‘ಏನೂ ಆಗದ, ಏನು ಬೇಕಾದರೂ ಆಗಬಲ್ಲ ಕೋಶಗಳ ರಾಶಿ’ ಅನ್ನುವ ಮಾತೂ ಪೂರ್ತಿ ನಿಜವಲ್ಲ. ಹಾರ್ಮೋನು ಹಾಕಿ ಬೆಳೆಸಿದ ಕ್ಯಾಲಸ್ ದಳದಿಂದ ಬಂದಿರಲಿ, ಬೇರಿನಿಂದ ಬಂದಿರಲಿ, ಕವಲುಬೇರು ಹುಟ್ಟುವ ದಾರಿಯನ್ನೇ ಹಿಡಿಯುತ್ತದೆ ಅಂತ 2010ರಲ್ಲಿ ಕಂಡುಕೊಂಡರು. ಆ ಮುದ್ದೆಯಿಂದ ಏನು ಏಳಬೇಕು ಅನ್ನುವುದು ಹಾರ್ಮೋನಿನ ಲೆಕ್ಕ. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಎಂಬ ವಿಜ್ಞಾನಿಗಳು ಹೊಗೆಸೊಪ್ಪಿನ ಅಂಗಾಂಶದಲ್ಲಿ ತೋರಿಸಿದ್ದು ಅದನ್ನೇ: ಆಕ್ಸಿನ್ ಜಾಸ್ತಿಯಾದರೆ ಬೇರು, ಸೈಟೊಕೈನಿನ್ ಜಾಸ್ತಿಯಾದರೆ ಚಿಗುರು, ಎರಡೂ ಹದವಾಗಿದ್ದರೆ ಬರೀ ಮುದ್ದೆ.

ಗೂಟಿ ಕಟ್ಟುವವರು, ಅಂದರೆ ಕೊಂಬೆ ಗಿಡದ ಮೇಲಿರುವಾಗಲೇ ಅದಕ್ಕೆ ಬೇರು ಬರಿಸುವವರು, ಈ ಲೆಕ್ಕವನ್ನು ಹೆಸರು ಗೊತ್ತಿಲ್ಲದೆಯೇ ಬಳಸುತ್ತಾರೆ. ಕೊಂಬೆಯ ತೊಗಟೆಯನ್ನು ಬಳೆಯ ಹಾಗೆ ಸುತ್ತ ಬಿಡಿಸುತ್ತಾರೆ. ಮೇಲಿನಿಂದ ಇಳಿಯುವ ಆಕ್ಸಿನ್ ಅಲ್ಲಿಗೆ ಬಂದು ನಿಲ್ಲುತ್ತದೆ, ಎಲೆಯಲ್ಲಿ ತಯಾರಾದ ಸಕ್ಕರೆಯೂ ನಿಲ್ಲುತ್ತದೆ. ಗಾಯದ ಮೇಲಂಚು ಊದಿಕೊಂಡು ಬೇರು ಅಲ್ಲಿಂದಲೇ ಹೊರಡುತ್ತದೆ, ಕೆಳಗಿನ ಅಂಚಿನಿಂದಲ್ಲ. ಕಸಿಯಲ್ಲೂ ಹೀಗೇ. ಕತ್ತರಿಸಿದ ನಾಳಗಳು ಹಳೆಯ ಕೊಳವೆಯ ತುಂಡು ಜೋಡಿಸಿದಂತೆ ಕೂಡುವುದಿಲ್ಲ. ನಡುವೆ ಹೊಸ ಕೋಶ ಹುಟ್ಟಿ, ಅವೇ ನಾಳವಾಗಿ ಮಾರ್ಪಡಬೇಕು. ಅರಬಿಡಾಪ್ಸಿಸ್‌ನಲ್ಲಿ ಆಹಾರದ ನಾಳ ಕೂಡಲು ಸುಮಾರು 3 ದಿನ, ನೀರಿನದಕ್ಕೆ ಸುಮಾರು 7 ದಿನ.

ಚಿಗುರುವುದನ್ನು ಇದರ ಜೊತೆ ಸೇರಿಸಬೇಡಿ. ಕಾಡ್ಗಿಚ್ಚಿನಲ್ಲಿ ಸುಟ್ಟು ಕರಿ ಕಂಬವಾದ ನೀಲಗಿರಿ ಮರ ಬುಡದಿಂದ ತುದಿಯ ತನಕ ಹಸಿರು ಕೂದಲು ಬಂದ ಹಾಗೆ ಚಿಗುರುತ್ತದೆ. ನೋಡಲು ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಮೊಗ್ಗಾಗುವ ಎಳೆ ಕೋಶಗಳು ದಪ್ಪ ತೊಗಟೆಯ ಆಳದಲ್ಲಿ ಮೊದಲಿನಿಂದಲೂ ಇದ್ದವು. ಬೆಂಕಿ ಅವನ್ನು ಎಬ್ಬಿಸಿತು, ಅಷ್ಟೇ. ಸವರಿದ ಬೇಲಿ ದಟ್ಟವಾಗುವುದೂ ಹೀಗೆಯೇ. ಎಲೆಯ ಕಂಕುಳಲ್ಲಿ ಮಲಗಿದ್ದ ಮೊಗ್ಗು ಎದ್ದಿತು. ಇದಕ್ಕೆ ಚಿಗುರು ಅನ್ನುವ ಮೂರಕ್ಷರದ ಪದ ಇರುವಾಗ ಐದಾರು ಅಕ್ಷರ ಯಾಕೆ ಖರ್ಚು ಮಾಡಬೇಕು? ಬಿಗೋನಿಯಾದ ಎಲೆ ಕತ್ತರಿಸಿ ಮಣ್ಣಿನ ಮೇಲಿಟ್ಟಾಗ ಮೊಗ್ಗೇ ಇಲ್ಲದ ಕಡೆ ಮರಿಗಿಡ ಏಳುತ್ತದಲ್ಲ, ಅದು ಬೇರೆ. ಅಲ್ಲಿ ಪುನರುತ್ಪತ್ತಿ ಅನ್ನಿ, ಸಂತೋಷ.

ಒಣಗಿ ಮುದುರಿ ಉಂಡೆಯಾಗಿ, ನೀರು ಬಿದ್ದರೆ ಬಿಚ್ಚಿಕೊಳ್ಳುವ ಸೆಲಾಜಿನೆಲ್ಲಾ ಗಿಡಗಳೂ ಈ ಪಟ್ಟಿಯಲ್ಲಿ ಬರುವುದಿಲ್ಲ. ಅವು ನೀರು ಹೋಗುವಾಗ ಕೆಲವು ಸಕ್ಕರೆಗಳಿಂದ ಕೋಶಗಳನ್ನು ಕಾಪಾಡಿಟ್ಟುಕೊಂಡಿರುತ್ತವೆ. ಬದುಕಿ ಬಂದದ್ದು ಅದೇ ಹಳೆಯ ಕೋಶ. ಬೇಕಿದ್ದರೆ ಪುನರುಜ್ಜೀವನ ಅನ್ನಬಹುದು, ಆ ಪದ ಇಂಥದ್ದಕ್ಕೇ ಇದೆ. ಬರಗಾಲದಲ್ಲಿ ಸತ್ತ ಬೇರುಗಳ ಬದಲು ಹೊಸ ಬೇರು ಬರುವುದು ಬೇರೆ ಕತೆ. ಅದೂ ಸಾಮಾನ್ಯವಾಗಿ ಹೊಸ ಜಾಗದಲ್ಲೇ ಬರುತ್ತದೆ.

ಕೊನೆಗೆ ತೆಂಗಿನ ಮರ. ಅದರ ಕಾಂಡದಲ್ಲಿ ತೊಗಟೆಯ ಕೆಳಗೆ ವರ್ಷವರ್ಷ ಬೆಳೆಯುವ ಆ ಪದರವೇ ಇಲ್ಲ. ನಾಳಗಳು ಕಾಂಡದ ತುಂಬ ಚೆಲ್ಲಾಪಿಲ್ಲಿ ಹರಡಿರುತ್ತವೆ. ಹಾಗಾಗಿ ತುಟಿ ಏಳುವುದಿಲ್ಲ, ಗಾಯ ಮುಚ್ಚುವುದೂ ಇಲ್ಲ. ಹತ್ತಲು ಅಂತ ಕಾಂಡದಲ್ಲಿ ಕಡಿದ ಕಚ್ಚು ಇದ್ದರೆ ಬೆರಳು ಹಾಕಿ ನೋಡಿ. ಅಂಚು ಒಣಗಿ ಬಣ್ಣ ಮಾಸಿರುತ್ತದೆ. ಕತ್ತಿಯ ಏಟು ಮಾತ್ರ ಬಿದ್ದ ದಿನ ಎಷ್ಟು ಆಳ ಇತ್ತೋ ಅಷ್ಟೇ ಆಳ ಇರುತ್ತದೆ.