ಮೂಡಿಗೆರೆಯ ಡಬ್ಬಿ ಬ್ರೆಜಿಲ್ ತೋಟಕ್ಕೆ ಹೋಗಬೇಕೆಂದರೆ

ಮೂಡಿಗೆರೆ, ಸಕಲೇಶಪುರ ಕಡೆಯ ಕಾಫಿ ತೋಟಗಳಲ್ಲಿ ಈಗ ಅಲ್ಲಲ್ಲಿ ಕಂಬಕ್ಕೆ ಕಟ್ಟಿದ ಸಣ್ಣ ಡಬ್ಬಿಗಳು ಕಾಣುತ್ತವೆ. ಮಳೆ ಎಷ್ಟು ಬಿತ್ತು, ಮಣ್ಣಲ್ಲಿ ತೇವ ಎಷ್ಟಿದೆ ಅಂತ ಅಳೆದು, ತಂತಿ ಇಲ್ಲದೆ ಮನೆಗೆ ಸುದ್ದಿ ಕಳಿಸುತ್ತವೆ. ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಯಾವತ್ತು ಹಾಕಬೇಕು ಅನ್ನುವುದು ಬೆಳೆಗಾರನಿಗೆ ಸಣ್ಣ ಪ್ರಶ್ನೆಯಲ್ಲ.

ಇಂಥ ಡಬ್ಬಿ ಮಾಡುವ ಗೆಳೆಯನೊಬ್ಬ ನನಗೆ ಹಾಸನದಲ್ಲಿದ್ದಾನೆ. ಬ್ರೆಜಿಲ್‌ನಿಂದ ಅವನಿಗೆ ಬೇಡಿಕೆ ಬಂತು. "ಅಲ್ಲೂ ಕಾಫಿ, ಇಲ್ಲೂ ಕಾಫಿ. ಕಳಿಸಿಬಿಡಪ್ಪ, ಇನ್ನೇನು?" ಅಂದರು ಒಬ್ಬ ಹಿರಿಯ ಬೆಳೆಗಾರರು. ಅದಾಗಿ ಎರಡು ವರ್ಷವಾಯಿತು. ಒಂದು ಡಬ್ಬಿಯೂ ಹೋಗಿಲ್ಲ.

ಕಾರಣ ಇಷ್ಟೇ. ಡಬ್ಬಿಯೊಳಗೆ ರೇಡಿಯೋ ಇದೆ. ರೇಡಿಯೋ ಇದ್ದ ಮೇಲೆ ಪ್ರತಿ ದೇಶದ ಒಪ್ಪಿಗೆಯೂ ಬೇಕು.

ನಿಯಮ ಯಾಕೆ ಅಂತ ಹಾಸನದವರಿಗೆ ಜಾಸ್ತಿ ಹೇಳಬೇಕಿಲ್ಲ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಎಂಸಿಎಫ್, ಅಂದರೆ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ಇದೆ. ಆಕಾಶದಿಂದ ಬರುವ ತೀರಾ ಸಣ್ಣ ಸಿಗ್ನಲ್ಲನ್ನು ಅಲ್ಲಿನ ಡಿಶ್‌ಗಳು ಹಿಡಿಯಬೇಕು. ಊರಲ್ಲಿ ಯಾರು ಬೇಕಾದರೂ ಅದೇ ಫ್ರೀಕ್ವೆನ್ಸಿಯಲ್ಲಿ ಕೂಗಿದರೆ ಏನು ಗತಿ? ರೇಡಿಯೋಗೆ ನಿಯಮ ಬೇಕು ಅಂತ 1906ರಲ್ಲೇ ದೇಶಗಳು ಬರ್ಲಿನ್‌ನಲ್ಲಿ ಕೂತು ಒಪ್ಪಂದ ಮಾಡಿಕೊಂಡವು. ನಮ್ಮಲ್ಲಿ 1933ರಲ್ಲಿ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಬಂತು. ಮರುವರ್ಷ ಅಮೆರಿಕದಲ್ಲಿ ರೇಡಿಯೋ ಬಳಕೆಯನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಸಿಸಿ ಹುಟ್ಟಿತು. 1985ರಲ್ಲಿ ಅದೇ ಎಫ್‌ಸಿಸಿ ಕೆಲವು ಫ್ರೀಕ್ವೆನ್ಸಿ ಪಟ್ಟಿಗಳಲ್ಲಿ (ಬ್ಯಾಂಡ್) ಲೈಸೆನ್ಸ್ ಇಲ್ಲದೆ ಹೊಸ ಬಗೆಯ ರೇಡಿಯೋ ಬಳಸಲು ಬಿಟ್ಟಿತು. ವೈಫೈ ಬೆಳೆದದ್ದು ಅಲ್ಲಿಂದ. ಭಾರತ 2005ರಲ್ಲಿ 865ರಿಂದ 867 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಲೈಸೆನ್ಸಿನಿಂದ ಬಿಡಿಸಿತು. ನಮ್ಮ ತೋಟದ ಡಬ್ಬಿಗಳು ಮಾತಾಡುವುದು ಇದರಲ್ಲೇ.

ಸಿಕ್ಕು ಶುರುವಾಗುವುದೂ ಇಲ್ಲೇ. ಲೈಸೆನ್ಸ್ ಬೇಡ ಅಂದ ಪಟ್ಟಿ ಎಲ್ಲ ದೇಶದಲ್ಲೂ ಒಂದೇ ಅಲ್ಲ. ಅಮೆರಿಕದಲ್ಲಿ ಅದು 902ರಿಂದ 928 ಮೆಗಾಹರ್ಟ್ಸ್. ಯುರೋಪಿನಲ್ಲಿ ಆ ಜಾಗದ ಒಂದು ಪಾಲು ಮೊಬೈಲ್ ಫೋನಿಗೆ ಹೋಗಿದೆ, ಹಾಗಾಗಿ ಇಂಥ ಡಬ್ಬಿಗಳು ಹೆಚ್ಚಾಗಿ 868ರ ಆಸುಪಾಸಿನಲ್ಲಿವೆ. ಬ್ರೆಜಿಲ್ ಅಮೆರಿಕದ ಪಟ್ಟಿಯನ್ನೇ ಹಿಡಿದರೂ ನಡುವೆ 907.5ರಿಂದ 915ರವರೆಗೆ ಬಿಟ್ಟಿದೆ. ಜಪಾನಿನಲ್ಲಿ 920ರ ಸುತ್ತ. 2.4 ಗಿಗಾಹರ್ಟ್ಸ್ ಹೆಚ್ಚುಕಡಿಮೆ ಎಲ್ಲ ಕಡೆ ನಡೆಯುತ್ತದೆ, ನಿಜ. ಆದರೆ ಸಿಲ್ವರ್ ಓಕ್ ಮರಗಳ ನಡುವೆ, ಒದ್ದೆ ಎಲೆಗಳ ನಡುವೆ ಅದು ಬೇಗ ಸೋತುಹೋಗುತ್ತದೆ.

ಪಟ್ಟಿಯ ಜೊತೆ ಷರತ್ತೂ ಬೇರೆ. ನಮ್ಮಲ್ಲಿ 1 ವ್ಯಾಟ್‌ವರೆಗೆ ಕಳಿಸಬಹುದು. ಯುರೋಪಿನ 868ರ ಮುಖ್ಯ ಪಟ್ಟಿಯಲ್ಲಿ ಬರೀ 25 ಮಿಲಿವ್ಯಾಟ್. ಅದೂ ಸಾಮಾನ್ಯವಾಗಿ ನೂರರಲ್ಲಿ ಒಂದು ಪಾಲು ಹೊತ್ತು, ಅಂದರೆ ಗಂಟೆಗೆ 36 ಸೆಕೆಂಡ್. ಅಲ್ಲಿಗೆ ಒಂದೇ ಡಬ್ಬಿ ಹೋಗಿ ಮೂರು ಡಬ್ಬಿಯಾಯಿತು.

ಇದಕ್ಕೊಂದು ಹಾದಿ ಇದೆ. ಮೊದಲೇ ಒಪ್ಪಿಗೆ ಪಡೆದ ರೇಡಿಯೋ ಮಾಡ್ಯೂಲ್, ಅಂದರೆ ಸಿದ್ಧ ರೇಡಿಯೋ ಬಿಡಿಭಾಗ ಕೊಂಡು ನಮ್ಮ ಬೋರ್ಡಿಗೆ ಕೂರಿಸುವುದು. ಆಗ ಮಾಡ್ಯೂಲ್‌ನ ಎಫ್‌ಸಿಸಿ ನಂಬರನ್ನೇ ಡಬ್ಬಿಯ ಮೇಲೆ ಬರೆದರೆ ರೇಡಿಯೋ ಪರೀಕ್ಷೆಯ ಬಹುಪಾಲು ಖರ್ಚು ಉಳಿಯುತ್ತದೆ. ಗೆಳೆಯ ಮಾಡಿದ್ದೂ ಅದನ್ನೇ. ಆದರೆ ಆ ಒಪ್ಪಿಗೆ ಆಂಟೆನಾಕ್ಕೂ ಸೇರಿದ್ದು. ಇಳಿಜಾರಿನ ತೋಟದಲ್ಲಿ ಸಿಗ್ನಲ್ ಸಿಗುತ್ತಿಲ್ಲ ಅಂತ ಅವನು ಹೆಚ್ಚು ಗೇನ್ ಇರುವ, ಅಂದರೆ ಸಿಗ್ನಲ್ಲನ್ನು ಇನ್ನೂ ಜೋರಾಗಿ ಒಂದು ಕಡೆಗೆ ತಳ್ಳುವ ಉದ್ದ ಆಂಟೆನಾ ಹಾಕಿದ. ಅಷ್ಟಕ್ಕೆ ಹಳೆಯ ಒಪ್ಪಿಗೆ ಸಾಲದಾಯಿತು. ಸಲಹೆಗೆ ದುಡ್ಡು ತೆಗೆದುಕೊಂಡವರು ಈ ಮಾತನ್ನು ಮೊದಲೇ ಹೇಳಿರಲಿಲ್ಲ. ಡಬ್ಬಿಯನ್ನು ಬೆನ್ನಿಗೆ ಹಾಕಿಕೊಂಡು ಸುಮಾರು 180 ಕಿಲೋಮೀಟರ್ ದೂರದ ಬೆಂಗಳೂರಿಗೆ, ಹೊರಗಿನ ರೇಡಿಯೋ ಸಿಗ್ನಲ್ ನುಗ್ಗದ ಪರೀಕ್ಷಾ ಕೋಣೆಗೆ, ಅವನು ಮೂರು ಸಲ ಬಸ್ಸಲ್ಲಿ ಹೋಗಿಬಂದ. ಒಂದು ಸಲ ನಾನೂ ಜೊತೆಗಿದ್ದೆ. ಗೋಡೆ ತುಂಬ ಮುಳ್ಳಿನಂಥ ಫೋಮ್ ಇರುವ ಆ ಕೋಣೆಗೆ ಬಾಡಿಗೆ ಗಂಟೆ ಲೆಕ್ಕದಲ್ಲಿ. ನಾವಿಬ್ಬರೂ ಗಡಿಯಾರವನ್ನೇ ನೋಡುತ್ತಾ ಕೂತಿದ್ದೆವು.

ಬ್ರೆಜಿಲ್‌ನದು ಇನ್ನೊಂದು ಕಥೆ. ಅಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಅನಾಟೆಲ್‌ಗೆ ಹೊರದೇಶದ ತಯಾರಕ ನೇರವಾಗಿ ಅರ್ಜಿ ಹಾಕುವಂತಿಲ್ಲ, ಅಲ್ಲಿನ ಪ್ರತಿನಿಧಿ ಬೇಕು. ಕಾಗದ ಬರುವುದೂ ಆ ಪ್ರತಿನಿಧಿಯ ಹೆಸರಿಗೆ. ನಾಳೆ ಅವನ ಜೊತೆ ಸರಿಹೋಗಲಿಲ್ಲ ಅಂತಿಟ್ಟುಕೊಳ್ಳಿ, ವಸ್ತು ನಮ್ಮದು, ಒಪ್ಪಿಗೆ ಅವನದು. ದೊಡ್ಡ ಕಂಪನಿಗಳಿಗೆ ಇದು ತಲೆನೋವಲ್ಲ, ಅವಕ್ಕೆ ಅಲ್ಲೇ ಕಚೇರಿ ಇರುತ್ತದೆ. ಐದು ಜನ ಕೆಲಸ ಮಾಡುವ ಹಾಸನದ ಶೆಡ್ಡಿಗೆ ಇದು ದೊಡ್ಡ ವಿಷಯ.

ಯುರೋಪು ಒಂದು ಮಟ್ಟಿಗೆ ದಾರಿ ಸಲೀಸು ಮಾಡಿತ್ತು. ಮುಂಚೆ ದೇಶಕ್ಕೊಂದು ಒಪ್ಪಿಗೆ ಇತ್ತು. ಯುರೋಪಿಯನ್ ಒಕ್ಕೂಟದ 1999ರ ನಿರ್ದೇಶನ, ಆಮೇಲೆ ಅದರ ಜಾಗಕ್ಕೆ ಬಂದ 2014ರ ನಿರ್ದೇಶನ, ಎರಡೂ ತಯಾರಕನ ಮಾತನ್ನು ನಂಬಿದವು. ಗೊತ್ತುಮಾಡಿದ ಮಾನದಂಡದಂತೆ ಪರೀಕ್ಷಿಸು, ದಾಖಲೆಯನ್ನು 10 ವರ್ಷ ಇಟ್ಟುಕೋ, ಅಲ್ಲಿನ ನಿಯಮ ಪಾಲಿಸಿದೆ ಅನ್ನುವ ಸಿಇ ಗುರುತನ್ನು ನೀನೇ ಹಾಕು. ಆದರೆ 2025ರ ಆಗಸ್ಟ್ 1ರಿಂದ ಇಂಟರ್ನೆಟ್ಟಿಗೆ ಸೇರುವ ರೇಡಿಯೋ ಸಾಧನಗಳಿಗೆ ಸೈಬರ್ ಸುರಕ್ಷತೆಯ ನಿಯಮವೂ ಸೇರಿದೆ. ಅದು ಬೇಕಾದದ್ದೇ, ಪಾಸ್‌ವರ್ಡ್ ಇಲ್ಲದ ಡಬ್ಬಿಗಳನ್ನು ನಾನೂ ಕಂಡಿದ್ದೇನೆ. ಖರ್ಚು ಮಾತ್ರ ಮತ್ತೊಮ್ಮೆ ಮೊದಲಿನಿಂದ.

ನಾವೂ ಬೇರೆಯಲ್ಲ ಅನ್ನುವುದನ್ನು ಹೇಳಲೇಬೇಕು. ಟೆಲಿಗ್ರಾಫ್ ನಿಯಮಗಳ 2017ರ ತಿದ್ದುಪಡಿಯ ಮೇಲೆ ನಿಂತ, ದೂರಸಂಪರ್ಕ ಸಾಧನಗಳ ಕಡ್ಡಾಯ ಪರೀಕ್ಷೆ ಭಾರತದಲ್ಲಿ 2019ರಿಂದ ಹಂತ ಹಂತವಾಗಿ ಜಾರಿಗೆ ಬಂತು. ಹೊರಗಿನ ಸಣ್ಣ ತಯಾರಕನೊಬ್ಬ ಇಲ್ಲಿಗೆ ಬಂದರೆ ಅವನೂ ಇಂಥದ್ದೇ ಬಾಗಿಲು ತಟ್ಟಬೇಕು. ಒಂದು ದೇಶದ ಪರೀಕ್ಷೆಯನ್ನು ಇನ್ನೊಂದು ಒಪ್ಪುವ ಒಪ್ಪಂದಗಳು 1998ರಿಂದಲೇ ಇವೆ. ಯುರೋಪ್ ಮತ್ತು ಅಮೆರಿಕ ಆ ವರ್ಷವೇ ಸಹಿ ಹಾಕಿದವು. ಅಳೆಯುವುದು ಅದೇ ವ್ಯಾಟ್, ಅದೇ ಹರ್ಟ್ಸ್ ಅಲ್ವಾ? ಬೆಂಗಳೂರಲ್ಲಿ ಒಮ್ಮೆ ಅಳೆದದ್ದನ್ನು ಇನ್ನೊಂದು ಕಡೆ ಮತ್ತೆ ಯಾಕೆ ಅಳೆಯಬೇಕು ಅನ್ನುವುದಕ್ಕೆ ನನಗೆ ಇವತ್ತಿನವರೆಗೆ ಒಪ್ಪುವಂಥ ಉತ್ತರ ಸಿಕ್ಕಿಲ್ಲ.

ಗೆಳೆಯ ಈಗ ಉದ್ದ ಆಂಟೆನಾ ಬಿಟ್ಟು ಮಾಡ್ಯೂಲ್ ಜೊತೆ ಬಂದ ಗಿಡ್ಡ ಆಂಟೆನಾಕ್ಕೇ ಮರಳಿದ್ದಾನೆ. ಸಿಗ್ನಲ್ ದಾಟಿಸಲು ತೋಟದ ನಡುವೆ ಇನ್ನೊಂದು ಡಬ್ಬಿ ನಿಲ್ಲಿಸುತ್ತಾನಂತೆ. ಬ್ರೆಜಿಲ್‌ಗೆ ಕಳಿಸಬೇಕಾದ ಅರ್ಜಿ ಇನ್ನೂ ಅವನ ಮೇಜಿನ ಮೇಲಿದೆ. ಪ್ರತಿನಿಧಿಯ ಹೆಸರು ಬರೆಯುವ ಜಾಗ ಖಾಲಿ.