ತಲೆಕೆಳಗಾದ ಗಾಳಿಪಟ

ಲಂಗರು ಹಡಗನ್ನು ಹಿಡಿದು ನಿಲ್ಲಿಸುವುದು ತನ್ನ ಭಾರದಿಂದ ಎಂದು ಬಹಳ ಜನ ನಂಬಿದ್ದಾರೆ. ಶುದ್ಧ ತಪ್ಪು. ಹಿಡಿತ ಸಿಗುವುದು ಅದು ಕಚ್ಚಿಕೊಂಡ ಮಣ್ಣಿನಿಂದ. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಮಿತ್ರರಾಷ್ಟ್ರಗಳ ಸೇನೆ ಫ್ರಾನ್ಸಿನ ಕಡಲತೀರಕ್ಕಿಳಿದ ನಾರ್ಮಂಡಿ ದಾಳಿಯೆಂದರೆ ಸೇನಾಪತಿಗಳ ಹೆಸರು ಹೇಳುತ್ತೇವೆ. ನನಗೆ ಮಾತ್ರ ನೆನಪಾಗುವುದು ಒಂದು ಲಂಗರು.

1942ರ ಮೇ 30ರಂದು ಬ್ರಿಟನ್ನಿನ ಪ್ರಧಾನಿ ಚರ್ಚಿಲ್, ಮುಂದೆ ನಮ್ಮ ಕೊನೆಯ ವೈಸ್‌ರಾಯ್ ಆದ ಮೌಂಟ್‌ಬ್ಯಾಟನ್‌ಗೆ ಪುಟ್ಟ ಚೀಟಿಯೊಂದನ್ನು ಕಳಿಸಿದ. ಹಡಗಿನಿಂದ ಸರಕು ಇಳಿಸಲು ತೀರದಲ್ಲಿ ಕಟ್ಟುವ ಜೆಟ್ಟಿಗಳು ಉಬ್ಬರವಿಳಿತದೊಂದಿಗೆ ಏರಿಳಿಯಬೇಕು, ಲಂಗರಿನ ಸಮಸ್ಯೆ ಬಗೆಹರಿಯಬೇಕು, ವಾದ ಬೇಡ, ತೊಡಕುಗಳು ತಾವಾಗಿಯೇ ವಾದ ಮಾಡುತ್ತವೆ ಎಂಬುದು ಅದರ ಸಾರ. ನಾರ್ಮಂಡಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಆರು ಮೀಟರಿಗಿಂತ ಹೆಚ್ಚು ಅಂತರ. ಹಾಗಾಗಿ ಜೆಟ್ಟಿಯಿಂದ ದಡಕ್ಕೆ ಹೋಗುವ ರಸ್ತೆಯೇ ತೇಲಬೇಕಾಯಿತು: 80 ಅಡಿ ಉದ್ದದ ಉಕ್ಕಿನ ತುಂಡುಗಳು, ಕೆಳಗೆ ತೇಲುಪೆಟ್ಟಿಗೆಗಳು. ಅಲೆ ಬಂದಾಗ ಅಕ್ಕಪಕ್ಕದ ಪೆಟ್ಟಿಗೆಗಳು ಬೇರೆ ಬೇರೆ ಕಡೆ ವಾಲುತ್ತವೆ. ಮುರಿಯದೆ ತಿರುಚಿಕೊಳ್ಳುವಂತೆ ಈ ತುಂಡುಗಳನ್ನು ರೂಪಿಸಿದವನು ಎಂಜಿನಿಯರ್ ಅಲನ್ ಬೆಕೆಟ್. ಸರಿ, ಅದನ್ನು ಅಲೆ ಹೊತ್ತೊಯ್ಯದಂತೆ ಕಟ್ಟುವುದು ಯಾವುದಕ್ಕೆ?

ಅದಕ್ಕೂ ಅವನದೇ ಉತ್ತರ, ‘ಕೈಟ್’, ಅಂದರೆ ಗಾಳಿಪಟ, ಲಂಗರು. ಗಾಳಿಪಟದ ದಾರವನ್ನು ಜಗ್ಗಿ ನೋಡಿ: ಓರೆಯಾದ ಹಾಳೆಗೆ ಗಾಳಿ ಬಡಿದು ಪಟ ಮೇಲೇರುತ್ತದೆ. ಗಾಳಿಯ ಬದಲು ಮರಳು, ಓರೆಯ ದಿಕ್ಕು ತಿರುವುಮುರುವು. ಈಗ ಜಗ್ಗಿದಷ್ಟೂ ಪಟ ಕೆಳಗೆ ಹೂತುಕೊಳ್ಳುತ್ತದೆ. ನೇಗಿಲು ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಳದ ಮೊನೆ ಕೊಂಚ ಬಾಗಿದ್ದರೆ, ಎತ್ತು ಎಳೆದಂತೆ ಅದು ನೆಲದೊಳಗೇ ಇಳಿಯುತ್ತದೆ. ಇನ್ನೂ ಒಂದು ಹೋಲಿಕೆ ಬೇಕೆಂದರೆ, ಮೀನು ಒದ್ದಾಡಿದಷ್ಟೂ ಗಾಳ ಒಳಗೆ ನಾಟುತ್ತದೆ. ಬಿರುಗಾಳಿಯ ಬಲವನ್ನೇ ಹಿಡಿತವಾಗಿ ಮಾರ್ಪಡಿಸುವ ಯುಕ್ತಿ ಇದು. ಆದರೆ ಎಳೆತ ಅಡ್ಡಡ್ಡವಾಗಿರಬೇಕು. ನೇರ ಮೇಲಕ್ಕೆ ಎಳೆದರೆ ಇಂಥ ಲಂಗರು ಸಡಿಲವಾಗುತ್ತದೆ.

ಸ್ಕಾಟ್ಲೆಂಡಿನ ಗಾರ್ಲೀಸ್ಟನ್ ಬಳಿ ಇಂಥ ರಸ್ತೆಯ ಮೂರು ವಿನ್ಯಾಸಗಳನ್ನು ಪರೀಕ್ಷೆಗೆ ನೀರಿಗಿಳಿಸಿದರು. ಬಿರುಗಾಳಿ ಬೀಸಿತು. ಒಂದು ಕೊಚ್ಚಿಹೋಯಿತು, ಇನ್ನೊಂದರ ತಳದ ಮರಳು ಕೊರೆದುಹೋಯಿತು, ಬೆಕೆಟ್‌ನದು ಉಳಿಯಿತು.

1944ರ ಜೂನ್ 19ರಂದು ನಾರ್ಮಂಡಿಯಲ್ಲೂ ಬಿರುಗಾಳಿ ಎದ್ದಿತು. ಇಂಥ ತೇಲುರಸ್ತೆಗಳಿದ್ದ ಎರಡು ಕೃತಕ ಬಂದರುಗಳು ಅಲ್ಲಿದ್ದವು. ಓಮಾಹಾ ತೀರದ್ದು ಹಾಳಾಯಿತು, ಆರೊಮಾಂಶ್ ಊರಿನದು ಪೆಟ್ಟು ತಿಂದರೂ ನಿಂತಿತು. ಲಂಗರೊಂದೇ ಕಾರಣ ಎನ್ನುವಷ್ಟು ಹಟ ನನಗಿಲ್ಲ. ಆರೊಮಾಂಶ್ ಕಡಲಿನ ಬಂಡೆಸಾಲೂ ಅಲೆಗಳನ್ನು ತಡೆದಿತ್ತು. ಓಮಾಹಾದಲ್ಲಿ ಆರಿಸಿಕೊಂಡ ಬಿಡಿಭಾಗಗಳಿಂದ ಆರೊಮಾಂಶ್ ಬಂದರನ್ನು ದುರಸ್ತಿ ಮಾಡಿದರು. ಯುದ್ಧದ ನಂತರ ಆ ತೇಲುರಸ್ತೆಯ ಕೆಲವು ತುಂಡುಗಳು ಫ್ರಾನ್ಸಿನ ನದಿಗಳ ಮೇಲೆ ಸೇತುವೆಗಳಾದವು.