ವಸಡಿನ ರಕ್ತ ಯಾರ ಊಟ?

ಹಲ್ಲುಜ್ಜಿ ಉಗುಳಿದ ನೊರೆಯಲ್ಲಿ ಕೆಂಪು ಕಂಡರೆ ನಾವು ಬ್ರಶ್ ಮೇಲೆ ಗೂಬೆ ಕೂರಿಸಿಬಿಡುತ್ತೇವೆ. ಜೋರಾಗಿ ಉಜ್ಜಿದ್ರೆ ರಕ್ತ ಬರಬಹುದು, ಸರಿ. ಆದರೆ ದಿನಾ ಬರ್ತಿದ್ದರೆ ವಸಡಿನೊಳಗೆ ಏನೋ ನಡೀತಿದೆ ಅಂತಲೇ ಅರ್ಥ.

ವಸಡಿನ ಕಾಯಿಲೆಗೆ ಒಂದೇ ಬ್ಯಾಕ್ಟೀರಿಯಾ ಕಾರಣ ಅಲ್ಲ, ದೊಡ್ಡ ಗುಂಪೇ ಇದೆ. ಅದರಲ್ಲಿ ಪಾರ್ಫಿರೋಮೋನಸ್ ಜಿಂಜಿವಾಲಿಸ್ ನನಗೆ ತುಂಬಾ ಕುತೂಹಲ ಹುಟ್ಟಿಸಿದ್ದು. ಹಲ್ಲು ಹುಳುಕು ಮಾಡುವ ಬ್ಯಾಕ್ಟೀರಿಯಾ ಸಕ್ಕರೆಗೆ ಬಾಯಿ ಬಿಡುತ್ತವೆ. ಇದಕ್ಕೆ ಸಕ್ಕರೆ ಬೇಡ, ಪ್ರೋಟೀನ್ ಬೇಕು, ಜೊತೆಗೆ ರಕ್ತದಲ್ಲಿರುವ ಹೀಮ್, ಅಂದರೆ ಕಬ್ಬಿಣ ಹೊತ್ತ ಅಣು, ಬೇಕು. ಆಮ್ಲಜನಕ ಆಗಿಬರೋದಿಲ್ಲ, ಹಾಗಾಗಿ ಹಲ್ಲು ಮತ್ತು ವಸಡಿನ ನಡುವಿನ ಸಂದಿಯಲ್ಲಿ ಅಡಗಿರುತ್ತದೆ.

ಊಟ ಸಂಪಾದಿಸೋಕೆ ಇದರ ಹತ್ತಿರ ಜಿಂಜಿಪೈನ್ ಅನ್ನೋ ಮೂರು ಕಿಣ್ವಗಳಿವೆ. ಕತ್ತರಿಗಳು ಅಂತಲೇ ಅಂದುಕೊಳ್ಳಿ. ಎರಡು ಕಿಣ್ವಗಳು ಪ್ರೋಟೀನ್ ಸರಪಳಿಯಲ್ಲಿ ಆರ್ಜಿನಿನ್ ಇರುವ ಕಡೆ ಕತ್ತರಿಸುತ್ತವೆ, ಮೂರನೆಯದು ಲೈಸಿನ್ ಇರುವ ಕಡೆ. ಈ ಎರಡು ಅಮೈನೋ ಆಮ್ಲಗಳು ನಮ್ಮ ಹೆಚ್ಚುಕಡಿಮೆ ಎಲ್ಲ ಪ್ರೋಟೀನ್‌ಗಳಲ್ಲೂ ಇರೋದರಿಂದ ಇವುಗಳ ಕೈಗೆ ಸಿಗದ್ದು ಕಡಿಮೆ. ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ತುಂಡಾದರೆ ರಕ್ತ ಬೇಗ ನಿಲ್ಲೋದಿಲ್ಲ. ಹಿಮೋಗ್ಲೋಬಿನ್ ಒಡೆದರೆ ಹೀಮ್ ಸಿಗುತ್ತದೆ. ಆ ಹೀಮ್ ಅನ್ನು ಮೈಮೇಲೆ ಕೂಡಿಟ್ಟುಕೊಳ್ಳೋದರಿಂದಲೇ, ಲ್ಯಾಬ್‌ನಲ್ಲಿ ರಕ್ತ ಬೆರೆಸಿದ ತಟ್ಟೆಯ ಮೇಲೆ ಬೆಳೆಸಿದಾಗ ಇದು ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ.

ಇದಕ್ಕಿಂತ ಚುರುಕಾದ ಕೆಲಸ ಇನ್ನೊಂದಿದೆ. ನಮ್ಮ ರಕ್ಷಣಾ ಪ್ರೋಟೀನ್ ಸಿ5 ಅನ್ನು ಜಿಂಜಿಪೈನ್ ಕತ್ತರಿಸಿದಾಗ ಹೊರಬರುವ ತುಂಡು ಬಿಳಿ ರಕ್ತಕಣಗಳನ್ನು ಕೂಗಿ ಕರೆಯುತ್ತದೆ. ಶತ್ರುವನ್ನು ತಾನೇ ಕರೆಯೋದು ವಿಚಿತ್ರ ಅಲ್ವಾ? ಆದರೆ ಉರಿಯೂತ ಜಾಸ್ತಿಯಾದಷ್ಟೂ ಸಂದಿಗೆ ಪ್ರೋಟೀನ್ ತುಂಬಿದ ದ್ರವ ಇಳಿಯುತ್ತದೆ, ಅದೇ ಇದರ ಊಟ. ಬಂದ ಕಣಗಳ ಕೊಲ್ಲುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಹಲ್ಲು ಹಿಡಿದಿರುವ ಮೂಳೆ ಸವೆಯೋದು ಬಹುಪಾಲು ಈ ಮುಗಿಯದ ಉರಿಯೂತದಿಂದಲೇ.

2019ರಲ್ಲಿ ಅಲ್ಝೈಮರ್ ರೋಗಿಗಳ ಮೆದುಳಿನಲ್ಲೂ ಜಿಂಜಿಪೈನ್ ಕಂಡಿದೆ ಅಂತ ಒಂದು ಅಧ್ಯಯನ ಬಂತು. ಈ ಕಿಣ್ವಗಳನ್ನು ತಡೆಯುವ ಔಷಧಿಯನ್ನು 643 ಜನರ ಮೇಲೆ ಪರೀಕ್ಷಿಸಿದರು. 2021ರಲ್ಲಿ ಫಲಿತಾಂಶ ಬಂದಾಗ, ರೋಗ ಹೆಚ್ಚಾಗೋದನ್ನು ನಿಧಾನಗೊಳಿಸುವ ಮುಖ್ಯ ಗುರಿ ಮುಟ್ಟಿರಲಿಲ್ಲ. ಹಾಗಾಗಿ ವಸಡು ಕೆಟ್ಟರೆ ಮರೆವು ಬರುತ್ತದೆ ಅಂತ ಹೆದರಿಸುವ ವಾಟ್ಸಾಪ್ ಸಂದೇಶಗಳನ್ನು ಸುಮ್ನೆ ನಂಬಬೇಡಿ.

ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ ಅನ್ನೋ ಮಾತನ್ನೂ ಅಷ್ಟೇ. ಮೂಳೆ ಮೊದಲೇ ಸವೆದಿರುತ್ತದೆ. ಹಲ್ಲುಗಳ ನಡುವೆ ಗಟ್ಟಿಯಾಗಿ ಕೂತಿದ್ದ ಕಿಟ್ಟ ಅದನ್ನು ಮುಚ್ಚಿಟ್ಟಿರುತ್ತದೆ, ತೆಗೆದಾಗ ಅಲುಗಾಟ ಗೊತ್ತಾಗುತ್ತದೆ ಅಷ್ಟೇ.